ಕತ್ತಲೆ ಎಣಿಸುವ ಬಳ್ಳಿ

ಸಾರಿಗೆಂದು ತಂದ ಅರ್ಧ ಕಿಲೋ ಪೊಟ್ಟಣದಿಂದ
ಏಳು ಅವರೆಕಾಳು ಎತ್ತಿಟ್ಟೆ.
ನೆನೆದದ್ದು ಏಳೂ, ಮೊಳೆತದ್ದು ಮೂರು,
ಬಸವನಹುಳು ಉಂಡು ಬಿಟ್ಟದ್ದು ಒಂದು.
ಅಡಿಲೇಡಿನ ಕಿಲ್ಬರ್ನ್, ಬಾಡಿಗೆ ಮನೆಯ ಹಿತ್ತಿಲು:
ಬೇಸಿಗೆಗೆ ಬಾಯಿಬಿಟ್ಟರೆ ಚಮಚ ನುಂಗುವ ಕರಿಜೇಡಿ,
ತಗಡಿನ ಬೇಲಿ,
ನಡುವೆ, ಬಟ್ಟೆ ಕಳೆದ ಕೊಡೆಯ ಹಾಗೆ ನಾಲ್ಕು ತೋಳು ಚಾಚಿ
ಗಾಳಿಗೆ ಗಿರಕಿ ಹೊಡೆಯುವ ಬಟ್ಟೆ ಹರವುವ ಕಂಬ.

ಅಕ್ಟೋಬರಿನಲ್ಲಿ ನೆಟ್ಟೆ. ಇಲ್ಲಿ ಅದು ವಸಂತ.
ಡಿಸೆಂಬರಿಗೆ ಬಳ್ಳಿ ಕಂಬ ಹಿಡಿಯಿತು,
ಜನವರಿಗೆ ಕಂಬ ತಿರುಗುವುದನ್ನೇ ಮರೆಯಿತು.
ನನ್ನ ಪಾಳಿಯ ನೀಲಿ ಅಂಗಿಗಳು ಬೇಲಿಯ ಮೇಲೆ ಒಣಗಿದವು.
ಸಂಕ್ರಾಂತಿಯ ದಿನ ತಂಗಿ ಫೋನಿನಲ್ಲಿ
ಕುದಿವ ಪಾತ್ರೆ ತೋರಿಸುತ್ತ ಕೇಳಿದಳು:
'ನಿಂದು ಕಾಯಿ ಕಚ್ಚಿತಾ?'
ನಲವತ್ಮೂರು ಡಿಗ್ರಿ.
ಎಲೆ, ಎಲೆಯ ಮೇಲೆ ಎಲೆ, ಅದರ ಮೇಲೊಂದು.
ಹೂವಿನ ಸುಳಿವಿಲ್ಲ.

ಬೇಲಿಯಾಚೆ ಕಾರ್ಮೆಲಾ, ಎಂಬತ್ತೊಂದು,
ಟೊಮೆಟೊ ಅರೆದು ಬಿಯರ್ ಬಾಟಲಿಗೆ ತುಂಬುತ್ತಿದ್ದವಳು
ಮೊಣಕೈವರೆಗೂ ಕೆಂಪಾಗಿ ಇಣುಕಿದಳು.
'ಇದಾ? ಇದನ್ನ ಹಿಂದೆ ಕಕ್ಕಸಿನ ಗೋಡೆ ಮರೆಮಾಡೋಕೆ ಹಬ್ಬಿಸ್ತಿದ್ರು.
ತಿನ್ನೋದಲ್ಲ. ಕಿತ್ತು ಬಿಸಾಡು.'
ಮರುದಿನ ಬೇಲಿಯ ಮೇಲಿಂದ ಒಂದು ಡಬ್ಬಿ ಇಳಿಯಿತು,
ತುಂಬ ಕಾಮಕಸ್ತೂರಿ.
ಅದನ್ನೂ ನೆಟ್ಟೆ. ಇದನ್ನು ಕೀಳಲಿಲ್ಲ.
ಸೆಗಣಿಗೊಬ್ಬರದ ಚೀಲ ಸುರಿದೆ, ಅಕ್ಕಿ ತೊಳೆದ ನೀರು ಹೊಯ್ದೆ,
ಯಾರೂ ಇಲ್ಲದಾಗ ಅಚ್ಚ ಕನ್ನಡದಲ್ಲಿ ಬೈದೆ.
ಎಲೆ ಇನ್ನಷ್ಟು ದಟ್ಟವಾಯಿತು, ಅಷ್ಟೇ.

ಮಾರ್ಚಿನ ಒಂದು ಸಂಜೆ ಕೆಲಸಕ್ಕೆ ಹೊರಟಾಗ
ಕಾರಿನ ದೀಪ ತಾನಾಗಿ ಹೊತ್ತಿಕೊಂಡಿತು.
ಅರೆ, ಕತ್ತಲು ಯಾವಾಗ ಇಷ್ಟು ಮುಂದೆ ಬಂತು?
ವೃದ್ಧಾಶ್ರಮದ ಉದ್ದ ಓಣಿಯಲ್ಲಿ ಔಷಧದ ಗಾಡಿ ತಳ್ಳುತ್ತ ಹೊಳೆಯಿತು:
ಪೆದ್ದಿ, ಅದು ಬಿಸಿಲು ನೋಡುವ ಗಿಡವಲ್ಲ.
ನನ್ನ ಹಾಗೆ ರಾತ್ರಿಪಾಳಿಯದು.
ಇರುಳೆಷ್ಟು ಉದ್ದವೆಂದು ಬೆರಳು ಮಡಿಚುತ್ತ ಕೂತಿದೆ.
ಲೆಕ್ಕ ಸೇರುವತನಕ
ಗೊಬ್ಬರಕ್ಕೂ ಬಗ್ಗದು, ಬೈಗುಳಕ್ಕೂ.

ಆ ವಾರವೇ ಏಜೆಂಟ್ ಹುಡುಗಿ ಬಂದಳು,
ಒಲೆ ನೋಡಿ, ಸಿಂಕು ನೋಡಿ, ಹಿತ್ತಿಲಲ್ಲಿ ನಿಂತಳು.
'ಕಂಬ ಮಾಲೀಕರದ್ದು. ಹದಿನಾಲ್ಕು ದಿನದೊಳಗೆ ತೆರವು ಮಾಡಿ.'
ನಾಲ್ಕು ತೋಳಲ್ಲಿ ಎರಡನ್ನು ಬಿಡಿಸಿದೆ.
ಫೋಟೋ ಆ ಎರಡರದ್ದೇ ತೆಗೆದು ಕಳಿಸಿದೆ.
ಉಳಿದೆರಡರಲ್ಲಿ, ಹದಿಮೂರನೆಯ ಬೆಳಗ್ಗೆ,
ಪಾಳಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದಾಗ,
ನೇರಳೆ ಮಿಂಚು. ಒಂದು ಗೊನೆ. ಅದರ ಹಿಂದೆ ಇನ್ನೊಂದು.

ಯುಗಾದಿ ಇಲ್ಲಿ ಎಲೆ ಉದುರುವಾಗ ಬರುತ್ತದೆ.
ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ
ಎಂಬ ಮಾತು ಈ ಆಕಾಶದ ಕಿವಿಗೆ ಬಿದ್ದಿರಲಾರದು.
ಆದರೂ ಏಪ್ರಿಲ್ ಕೊನೆಗೆ, ಅದೇ ಲೆಕ್ಕಕ್ಕೆ, ಹನಿಯಿತು.
ಜೇಡಿಯ ಬಾಯಿ ಮುಚ್ಚಿತು.
ಕಾಯಿ ಕೊಯ್ದೆ, ಸುಲಿದೆ, ನೆನೆಸಿ ಹಿದುಕಿದೆ;
ಒಂದು ಕಾಳು ಚಿಮ್ಮಿ ಒಲೆಯ ಹಿಂದೆ ಹೋಯಿತು, ಇನ್ನೂ ಅಲ್ಲೇ ಇದೆ.
ಕಾರ್ಮೆಲಾಗೆ ಒಂದು ಬಟ್ಟಲು ಸಾರು ದಾಟಿಸಿದೆ.
ಬಟ್ಟಲು ತೊಳೆದು ಬಂತು, ಮಾತು ಬರಲಿಲ್ಲ.
ವಾರದ ಮೇಲೆ ಕೇಳಿದಳು: 'ಆ ಕಕ್ಕಸಿನದು, ಇನ್ನೂ ಇದೆಯಾ?'

ಸಾಬೂನಿಗೆ ಹೋಗುವಂಥದ್ದಲ್ಲ ಸೊಗಡು.
ಅಂದು ರಾತ್ರಿ ಹನ್ನೊಂದನೆಯ ಕೋಣೆಯಲ್ಲಿ
ಹೊದಿಕೆ ಸರಿಪಡಿಸುವಾಗ ಆರ್ಥರ್ ಪೆನ್‌ಹಾಲ್
ನನ್ನ ಮಣಿಕಟ್ಟು ಹಿಡಿದು ಮೂಸಿದ.
ಮಗಳ ಹೆಸರು ಮರೆತವನು,
ನಲವತ್ತು ವರ್ಷ ಕುರಿ ಉಣ್ಣೆ ಕತ್ತರಿಸಿದವನು.
'ಉಣ್ಣೆಯ ಜಿಡ್ಡು. ಇವತ್ತು ಎಷ್ಟು ಕುರಿ ಮುಗಿಸಿದೆ?'
ಕಿಟಕಿಯಾಚೆ ಹದಿಮೂರು ತಾಸಿನ ಕತ್ತಲೆ.
ಒಂದೇ ಬಳ್ಳಿ, ಎನ್ನಲಿಲ್ಲ.
'ನೂರಿಪ್ಪತ್ತು,' ಅಂದೆ.
'ಪರವಾಗಿಲ್ಲ, ಹೊಸಬಳಿಗೆ,' ಅಂದು ಕಣ್ಣು ಮುಚ್ಚಿದ,
ಕೈ ಮಾತ್ರ ಬಿಡಲಿಲ್ಲ.