ಲೆಕ್ಕಕ್ಕುಂಟು, ಆಟಕ್ಕಿಲ್ಲ

ಹೆಬ್ಬೆರಳ ಕೆಳಗೊಂದು ಉಕ್ಕಿನ ಗುಂಡಿ.
ಒತ್ತಿದರೆ ಟಿಕ್. ಒಂದು ತಲೆ.
ರಾಸ್ ಅಲ್ ಖೈಮಾದ ಈ ಪಾರ್ಕಿನಲ್ಲಿ
ಹನ್ನೊಂದು ವರ್ಷದಿಂದ ನನ್ನ ಕೆಲಸ ಇಷ್ಟೆ:
ಹಂಸದೋಣಿಯ ಬಾಗಿಲಲ್ಲಿ ನಿಂತು
ಹತ್ತಿದವರನ್ನು ಎಣಿಸುವುದು.

ಹದಿನಾಲ್ಕು ಹಂಸ. ಎರಡಕ್ಕೆ ಕೊಕ್ಕಿಲ್ಲ.
ಒಂಬತ್ತನೆಯದಕ್ಕೆ ತೋಪ್ ಬಹಾದುರ್ ಬಳಿದದ್ದು
ಬಿಳಿಯಲ್ಲ, ಹುಳಿಮೊಸರಿನ ಬಣ್ಣ;
ಅಂಗಡಿಯಲ್ಲಿ ಅದೇ ಇತ್ತಂತೆ.
ಆರು ನಿಮಿಷದ ಸುತ್ತು, ಮೊಣಕಾಲುದ್ದ ನೀರು,
ಎರಡು ಸೇತುವೆ, ಪ್ಲಾಸ್ಟಿಕ್ ತಾವರೆ.
ಕಿರುಚುವಂಥದ್ದು ಏನೂ ಇಲ್ಲ.

ಮೀಟಿಂಗಿನ ದಿನ ಚಹಾ ಕೊಡುವ ಹುಡುಗನಿಗೆ ಜ್ವರ.
ಟ್ರೇ ಹಿಡಿದು ಹೋದವಳು ನಾನು,
ಹಾಗಾಗಿ ಪರದೆ ಕಂಡಿತು:
ನಾಲ್ಕು ಕೋಟಿ ದಿರ್ಹಮ್, ಮೂರು ಆಯ್ಕೆ.
ಕಾಲು ಜೋತುಬಿಟ್ಟು ಏಳು ಸಲ ತಲೆಕೆಳಗಾಗುವುದು.
ಕತ್ತಲ ಕೋಣೆ, ಕನ್ನಡಕ, ಮೈಮೇಲೆ ಬರುವ ಡ್ರ್ಯಾಗನ್.
ಎಪ್ಪತ್ತು ಮೀಟರಿನ ಕಂಬ, ಮೇಲೇರಿಸಿ ಸುಮ್ಮನೆ ಬೀಳಿಸುವುದು.
ಕೊನೆಯ ಚಿತ್ರ ನಮ್ಮ ಕೊಳದ್ದು,
ಅದರ ಮೇಲೆ ಕೆಂಪು ಗೀಟು.

"ಇದಕ್ಕೆ ಜನ ಎಷ್ಟು?" ಎಂದಳು ತಜ್ಞೆ, ಸಕ್ಕರೆ ಬೇಡವೆನ್ನುತ್ತಾ.
ನಬೀಲ್ ಸಾರ್ ಹಾಳೆ ತಿರುವಿದರು.
"ದಿನಕ್ಕೆ ನೂರಾ ಎಂಬತ್ತು."
ಯಾರೋ ನಕ್ಕರು.
ಉದ್ಯಾವರದಲ್ಲಿ ದೊಡ್ಡವರ ಕಬಡ್ಡಿಗೆ
ನಮ್ಮಂಥ ಕುನ್ನಿಗಳನ್ನು ಸೇರಿಸಿಕೊಂಡು ಹೇಳುತ್ತಿದ್ದರು:
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಆ ನೂರಾ ಎಂಬತ್ತರಲ್ಲಿ ಒಬ್ಬ ಶಫಿಕುಲ್.
ತಿಂಗಳ ಮೊದಲ ಭಾನುವಾರ, ಇಸ್ತ್ರಿ ಮಾಡಿದ ಅಂಗಿ.
ನಲವತ್ತನೇ ಮಹಡಿಯ ಹೊರಗೆ ಅಟ್ಟಣಿಗೆ ಕಟ್ಟುವವ.
"ರಾಟೆಗೆ ಹೋಗೋ ಮಾರಾಯ," ಎಂದರೆ
"ಮೇಲೆ ಹತ್ತೋದಕ್ಕೆ ನನಗೆ ಸಂಬಳ ಕೊಡ್ತಾರೆ ಅಕ್ಕಾ,
ದುಡ್ಡು ಕೊಟ್ಟು ಯಾಕೆ ಹತ್ತಲಿ?"
ಎರಡನೇ ಸೇತುವೆಯೊಳಗೆ ನಿದ್ದೆ ಹೋಗುತ್ತಾನೆ.
ದಡಕ್ಕೆ ಬಂದಾಗ ಎಬ್ಬಿಸುವುದಿಲ್ಲ,
ಕಾಲಿನಿಂದ ಮೆಲ್ಲಗೆ ದೋಣಿಯನ್ನು ಮತ್ತೊಂದು ಸುತ್ತಿಗೆ ನೂಕುತ್ತೇನೆ.

ಮರುದಿನದಿಂದ ಎರಡು ಸಲ ಒತ್ತಿದೆ.
ಬಂದವನಿಗೊಂದು, ಅವನ ನೆರಳಿಗೊಂದು.
ಸಂಜೆ ನೆರಳು ಉದ್ದವಾದರೆ ಮೂರು.
ಕೈಪಟ್ಟಿಯ ದುಡ್ಡು ಗೇಟಿನಲ್ಲೇ ಸಂದಾಯ,
ಯಾರ ಕಾಸೂ ನಾನು ಮುಟ್ಟಲಿಲ್ಲ.
ಕಪ್ಪು-ಸಾಸರಿನ ಮರಿಸೆಲ್ ನೋಡಿದಳು,
ಚ್ಯೂಯಿಂಗ್ ಗಮ್ ಒಂದು ಕೊಟ್ಟು ಸುಮ್ಮನಾದಳು.
ಈದ್ ಹೊತ್ತಿಗೆ ಆರುನೂರು ದಾಟಿತು.
ರಾತ್ರಿ ಕೋಣೆಯಲ್ಲಿ ಹೆಬ್ಬೆರಳಿಗೆ ವಿಕ್ಸ್ ತಿಕ್ಕಿದೆ,
ಗೆದ್ದವಳ ಹಾಗೆ.

ತಜ್ಞೆ ಮತ್ತೆ ಬಂದಳು, ಈ ಸಲ ಕೊಳದ ಬಳಿಗೇ.
ಬಹಳ ಖುಷಿಯಲ್ಲಿದ್ದಳು.
"ನೋಡಿ, ಜನ ತಾವಾಗಿಯೇ ಬರುವ ಜಾಗ ಇದು!
ಕಂಬಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ?"
ನಬೀಲ್ ಸಾರ್ ನನ್ನ ಬೆನ್ನು ತಟ್ಟಿದರು.

ನೀರು ಬಸಿದಾಗ ತಳದಲ್ಲಿ
ಆರು ದೇಶದ ನಾಣ್ಯ, ಒಂಟಿ ಚಪ್ಪಲಿ,
ಯಾರದೋ ಹಲ್ಲಿನ ಸೆಟ್ಟು.

ಈಗ ಕಂಬದ ಬುಡದಲ್ಲಿ ನಾನು, ಅದೇ ಗುಂಡಿ.
ಸಾಲು ಪಾರ್ಕಿಂಗಿನವರೆಗೆ. ಸುಳ್ಳು ಹೇಳುವ ಅಗತ್ಯವಿಲ್ಲ.
ಭಾನುವಾರ ಶಫಿಕುಲ್ ಬಂದ,
ಕತ್ತೆತ್ತಿ ಬೋಲ್ಟುಗಳನ್ನು ಒಂದೊಂದಾಗಿ ನೋಡಿದ.
ಹತ್ತಲಿಲ್ಲ. ಬೆಂಚಿನಲ್ಲಿ,
ಮೊದಲು ನೀರಿದ್ದ ಕಡೆ ಬಿದ್ದ ಕಂಬದ ನೆರಳಲ್ಲಿ ಕೂತ.
ನನ್ನ ಹೆಬ್ಬೆರಳು ತಾನಾಗಿ ಒತ್ತಿತು.

"ಆ ಮೊಸರು ಬಣ್ಣದ್ದು ಏನಾಯ್ತು ಅಕ್ಕಾ?"
ದಿಗ್ದಾಗದ ಒಬ್ಬ ತೋಟದವನು
ಹರಾಜಿನಲ್ಲಿ ಕೊಂಡ, ಎಂದೆ.
ಖರ್ಜೂರದ ಮರದ ಕೆಳಗೆ ಇಟ್ಟು ನೀರು ತುಂಬಿಸಿದ್ದಾನಂತೆ,
ಆಡುಗಳು ಕುಡಿಯುತ್ತವಂತೆ.