ಗುಳ್ಳೆ

ಕಟ್ಟಿನಕೆರೆ ಮಾರ್ಕೆಟ್ಟು, ಹಲೀಮಾಬಿಯ ಮೀನಂಗಡಿ.
ಫ್ರೀಜರಿನ ಬೆನ್ನಿಗೆ ಕಿವಿಯಿಟ್ಟೆ:
ಕಂಪ್ರೆಸರ್ ಓಡುತ್ತಲೇ ಇದೆ,
ಬತ್ತಿದ ಬಾವಿಯ ರಾಟೆ.

ಕಾಯಿಲ್ ತುಂಬ ಧೂಳು, ಬಂಗುಡೆಯ ಹುರುಪೆ.
ಬ್ರಷ್ಷಿಗೆ ಸಿಕ್ಕಿತು ಎರಡು ರೂಪಾಯಿಯ ನಾಣ್ಯ, ಕೊಟ್ಟೆ.
ಒಳಗೋಡೆಗೆ ಸೋಪಿನ ನೊರೆ ಬಳಿಯುತ್ತ ಬಂದೆ.
ಮೂಲೆಯಲ್ಲಿ ಗುಳ್ಳೆಯೊಂದು
ಉಬ್ಬಿತು, ಒಡೆಯಿತು,
ಮತ್ತೆ ಉಬ್ಬಿತು.

ಚಾಕುವಿನ ಮೊನೆಯಷ್ಟೇ ತೂತು.

"ಐಸು ಕೆತ್ತಿದ್ಯಾರೋ?" ಅಂದಳು ಹಲೀಮಾಬಿ.
ಕೆಲಸದ ಹುಡುಗ ತಕ್ಕಡಿ ಒರೆಸತೊಡಗಿದ,
ಒರೆಸಿದ್ದನ್ನೇ ಒರೆಸಿದ.

ಹದಿನಾಲ್ಕರಲ್ಲಿ ನಾನೂ
ಅರಸೀಕೆರೆಯ ಐಸ್‌ಕ್ಯಾಂಡಿ ಫ್ಯಾಕ್ಟರಿಯಲ್ಲಿ
ಅವಸರಕ್ಕೆ ಉಳಿ ಎತ್ತಿದವನೇ.
ಆ ಭುಸ್ಸೆನ್ನುವ ಸದ್ದು
ಇನ್ನೂ ಕೆಲವು ರಾತ್ರಿ ಎಬ್ಬಿಸುತ್ತದೆ.

"ಹಳೇ ಪೈಪಮ್ಮ, ಸವೆದಿತ್ತು."

ಬೆಸುಗೆ. ವ್ಯಾಕ್ಯೂಮು. ಗ್ಯಾಸು.
ಸಂಜೆಗೆ ಗೋಡೆಯ ಮೇಲೆ ತೆಳ್ಳಗೆ ಬಿಳುಪು ಹತ್ತಿತು.
ಕೇಳದೆಯೇ ಹುಡುಗ ಚಹಾ ತಂದ,
ಸಕ್ಕರೆ ವಿಪರೀತ.
ಪೂರ್ತಿ ಕುಡಿದೆ.