ಗಾಳಿಯಿಲ್ಲದ ಗಾಲಿ

ಈ ಬೇಸಿಗೆಯಲ್ಲಿ ಇದು ಏಳನೆಯ ಪಂಕ್ಚರ್.
ಶನಿವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ಸರಿಸಿದರೆ
ಟ್ರ್ಯಾಕ್ಟರು ಎಡಕ್ಕೆ ವಾಲಿ ನಿಂತಿದೆ,
ಬಾತ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದು
ನನ್ನ ಕ್ಲಿನಿಕ್ಕಿನ ಬೆಂಚಿನಲ್ಲಿ ಕಾಯುವವರ ಹಾಗೆ.

ಮಂಡಿಯೂರಿ ಬೆರಳಾಡಿಸಿದೆ.
ಸಿಕ್ಕಿತು. ನೆಗ್ಗಿಲು ಮುಳ್ಳು.
ಮಿಲ್ಡುರಾದ ಕೆಂಪು ಮರಳಿಗೆ ಇದನ್ನು ಯಾರು ತಂದರೋ,
ಇಲ್ಲಿಯವರು ಬೆಕ್ಕಿನ ತಲೆ ಅನ್ನುತ್ತಾರೆ.
ಹೇಗೆ ಬಿದ್ದರೂ ಒಂದು ಕೊಂಬು ಮೇಲಕ್ಕೆ.
ಚಳ್ಳಕೆರೆಯ ಸೋದರತ್ತೆ ಇದನ್ನೇ ಕುದಿಸಿ
ಮಾವನ ಮೂತ್ರದ ಕಲ್ಲಿಗೆ ಕುಡಿಸುತ್ತಿದ್ದಳು.
ಕಲ್ಲು ಕರಗಿತೋ ಇಲ್ಲವೋ ತಿಳಿಯದು,
ಮಾವ ಮಾತ್ರ ತುಂಬಾ ಮೆತ್ತಗಾದ.

ಎರಡು ಎಕರೆ. ಒಣದ್ರಾಕ್ಷಿಯ ಬಳ್ಳಿ ಕಿತ್ತ ಮೇಲೆ ಉಳಿದ ನೆಲ,
ಕಂಬ ನೆಟ್ಟ ಕುಳಿಗಳು ಇನ್ನೂ ಮುಚ್ಚಿಲ್ಲ.
ತೇಪೆ ಹಾಕಿದೆ. ಹಸಿರು ಅಂಟು ಸುರಿದೆ,
ಅದು ಮುಳ್ಳಿನ ತೂತಿನಿಂದಲೇ ಸೀನಿ ನನ್ನ ಚಪ್ಪಲಿಗೆ ಹಾರಿತು.
ಟ್ಯೂಬು ಹಾಕಿಸಿದೆ.
ಟ್ಯೂಬಿಗೂ ಮುಳ್ಳಿಗೂ ಒಳ್ಳೆಯ ಪರಿಚಯವಾಯಿತು.

"ಫೋಮ್ ತುಂಬಿಸಿಬಿಡು" ಅಂದ ಟೈರಿನಂಗಡಿಯ ಸೆಮಿಸಿ,
ಟೊಂಗಾದವನು. ಹೋದ ವರ್ಷ ಅವನ ದವಡೆ ಹಲ್ಲಿನ
ಬೇರು ಕೊರೆದು ತುಂಬಿದವಳು ನಾನೇ.
"ಯೋಚಿಸು. ತುಂಬಿದರೆ ತುಂಬಿದ್ದೇ.
ಸವೆದ ದಿನ ಗರಗಸದಲ್ಲಿ ಕೊಯ್ದು ತೆಗೆಯಬೇಕು,
ರಿಮ್ಮೂ ಹೋದರೂ ಹೋದೀತು.
ಅದಕ್ಕೇ ಮೊದಲು ಟೈರನ್ನು ನೋಡಿ ಆರಿಸು."

ಗೋಡೆಗೆ ನೇತುಹಾಕಿದ ಟೈರುಗಳ ಕೆಳಗೆ
ಗಂಡು ನೋಡಲು ಬಂದವರ ಹಾಗೆ ಕೈಕಟ್ಟಿ ನಿಂತೆ.
ಒಂದು ಹುಲ್ಲಿಗೆಂದೇ ಮಾಡಿದ್ದು, ಸಣ್ಣ ಸಣ್ಣ ಚೌಕ,
ನಡೆದುಹೋದ ಗುರುತೂ ಬಿಡದು,
ಸ್ಪ್ರಿಂಕ್ಲರ್ ನೆನೆಸಿದ ಇಳಿಜಾರಿನಲ್ಲಿ ಜಾರುತ್ತದೆ.
ಇನ್ನೊಂದು ಉಳುಮೆಯದು, ಬಾಣದ ಮೊನೆಯಂಥ ದಪ್ಪ ಹಲ್ಲು,
ಹಿಡಿದದ್ದನ್ನು ಬಿಡದು, ಹುಲ್ಲಿನ ಬೇರನ್ನೂ.
ಹಲ್ಲು ಅಂದಕೂಡಲೇ ಕೈ ತಾನಾಗಿ ಹೋಗಿ ಸವರಿತು.
ಮೂರನೆಯದು ಎರಡರ ನಡುವಿನದು,
ಯಾರಿಗೂ ನೋಯದ ಮಾತಿನಂಥದು.
ನನಗೇಕೋ ಅದರ ಮೇಲೆ ನಂಬಿಕೆ ಬರಲಿಲ್ಲ.

ಪಕ್ಕೆಯ ಮೇಲೆ ಉಬ್ಬಿದ ಅಂಕಿ ಓದಿದೆ:
ಇಪ್ಪತ್ಮೂರು, ಹತ್ತೂವರೆ, ಹನ್ನೆರಡು.
ಪದರ ನಾಲ್ಕೋ ಆರೋ ಎಂದ.
ಹೇಗೂ ತುಂಬಿಸುತ್ತೀಯಲ್ಲ, ಪದರ ಯಾಕೆ ಎಂದೆ.
ಮುಳ್ಳು ಬರುವುದನ್ನು ಬಿಡುವುದಿಲ್ಲ,
ಬಂದು ಮಾಡುವುದೇನಿಲ್ಲ ಅಷ್ಟೇ, ಎಂದು ನಕ್ಕ.
ನಾಲ್ಕು ಪದರ, ಸಣ್ಣ ಚೌಕದ್ದು. ಜಾರಿದರೆ ಜಾರಲಿ.

ಬುಧವಾರ ನೋಡಲು ಹೋದೆ.
ಟೈರನ್ನು ಒರಗಿಸಿ ನೆತ್ತಿಯಲ್ಲಿ ತೂತು ಕೊರೆದ.
ಡ್ರಿಲ್ಲಿನ ದನಿಗೆ ಅವನೇ ದವಡೆ ಬಿಗಿಹಿಡಿದದ್ದು ಕಂಡೆ.
ಎರಡು ಪೀಪಾಯಿ, ಎರಡು ದ್ರವ, ಒಂದು ಕೊಳವೆ.
ಬೇರೆ ಬೇರೆ ಇರುವಾಗ ನೀರು, ಕೂಡಿದರೆ ಹಟ.
ನನ್ನ ತಟ್ಟೆಯಲ್ಲೂ ಹೀಗೇ ಕಲಸುತ್ತೇನೆ, ಕಡಲೆಕಾಳಿನಷ್ಟು.
ಇಲ್ಲಿ ಬಕೆಟ್ಟುಗಟ್ಟಲೆ.
ಕೆಳಗಿನ ವಾಲ್ವಿನಿಂದ ಅದು ಏರಿದಂತೆ
ನೆತ್ತಿಯಿಂದ ಗಾಳಿ ಹೊರಟಿತು, ಸಣ್ಣಗೆ ಶಿಳ್ಳೆ ಹಾಕುತ್ತ.
ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ಹೋಗುವುದನ್ನು ದುಡ್ಡು ಕೊಟ್ಟು ನಿಂತು ನೋಡಿದವಳು
ನಾನೊಬ್ಬಳೇ ಇರಬೇಕು.
ಶಿಳ್ಳೆ ನಿಂತಿತು. ತೂತಿನಲ್ಲಿ ಒಂದು ಹನಿ ಇಣುಕಿತು.
ಸ್ಕ್ರೂ ತಿರುಪಿದ.
"ಎರಡು ದಿನ ಅಲುಗಾಡಿಸಬೇಡ."
ಎರಡು ಗಂಟೆ ಏನೂ ಅಗಿಯಬೇಡಿ ಎಂದು
ನಾನು ಎಲ್ಲರಿಗೂ ಹೇಳುವ ಅದೇ ರಾಗದಲ್ಲಿ.

ಈಗ ಟ್ರ್ಯಾಕ್ಟರು ನೇರ ನಿಲ್ಲುತ್ತದೆ. ಭಾರ.
ಓಡಿಸಿದರೆ ಒಂದೊಂದು ಕಂಬದ ಕುಳಿಯೂ
ನನ್ನ ಬೆನ್ನುಮೂಳೆ ಹತ್ತಿ ಹೆಸರು ಹೇಳುತ್ತದೆ.
ಗಾಳಿ ಇದ್ದಷ್ಟು ದಿನ ನೆಲ ಹೀಗಿತ್ತೆಂದೇ ಗೊತ್ತಿರಲಿಲ್ಲ.
ಬೇಲಿಯಾಚೆಯಿಂದ ವಿನಿಫ್ರೆಡ್ ಹೇಗಿದೆ ಎಂದು ಕೂಗಿದಳು.
ಬಾಯಿ ತೆರೆದೆ, ನಾಲಗೆ ಕಚ್ಚಿಕೊಂಡೆ.

ಇಳಿದು ನೋಡಿದರೆ ಒಂದು ಗಾಲಿಯಲ್ಲೇ ಮೂವತ್ತೊಂದು ಮುಳ್ಳು,
ಹಲ್ಲಿಗೆ ಸಿಕ್ಕ ಸೊಪ್ಪಿನ ನಾರಿನ ಹಾಗೆ.
ಕೀಳುವ ಅಗತ್ಯವಿಲ್ಲ.
ಆದರೂ ಚಿಮಟದಲ್ಲಿ ಒಂದೊಂದಾಗಿ ಕಿತ್ತೆ, ಅಭ್ಯಾಸ.
ನೆಲಕ್ಕೆ ಹಾಕುವಂತಿಲ್ಲ, ಮೊಳೆಯುತ್ತದೆ.
ಟೋಪಿ ತೆಗೆದು ಅದರೊಳಗೆ ಹಾಕಿಟ್ಟೆ.
ಆಮೇಲೆ ಬಿಸಿಲೇರಿತು.
ಮರೆತು ಟೋಪಿ ಹಾಕಿಕೊಂಡೆ.